ಗಂಜಿ ಬಿಟ್ಟು ರಾಗಿ, ಅನ್ನ ಬಿಟ್ಟು ಚಪಾತಿ ಮಾಡಿದರೂ ಊಟದ ನಂತರದ ಶುಗರ್ 230ರ ಕೆಳಗೆ ಇಳಿಯುತ್ತಿಲ್ಲ

ಅಘನಾಶಿನಿ_ದಡ, ಕುಮಟಾ

ಮಾವನವರ ವಿಷಯ ಕೇಳ್ತಾ ಇದ್ದೇನೆ. ವಯಸ್ಸು 61, ತೂಕ 68 ಕೆ.ಜಿ., ಸೊಂಟದ ಸುತ್ತಳತೆ 96 ಸೆಂ.ಮೀ. ಶುಗರ್ ಅಂತ ಗೊತ್ತಾಗಿ ಐದು ತಿಂಗಳು. ಆಗ ಖಾಲಿ ಹೊಟ್ಟೆಯಲ್ಲಿ 168, ಊಟದ ನಂತರ 261, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8.9 ಇತ್ತು. ಹೋದ ವಾರ 148, 234, 8.3. ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) 0.9. ಮಾತ್ರೆ: ಮೆಟ್‌ಫಾರ್ಮಿನ್ 500 ಬೆಳಿಗ್ಗೆ ಮತ್ತು ರಾತ್ರಿ, ಗ್ಲಿಮೆಪಿರೈಡ್ 1 ಮಿ.ಗ್ರಾಂ ಬೆಳಿಗ್ಗೆ ತಿಂಡಿಗೆ ಮೊದಲು.

ಊಟ ಈಗ ಹೀಗಿದೆ. ಬೆಳಿಗ್ಗೆ 7.30ಕ್ಕೆ ಕುಚಲಕ್ಕಿ ಗಂಜಿ ಬಿಡಿಸಿ ರಾಗಿ ಗಂಜಿ ಮಾಡಿದ್ದೇವೆ: ಹಿಟ್ಟು 50 ಗ್ರಾಂ, ಸಿಹಿಗೆ ಜೋನಿ ಬೆಲ್ಲ ಎರಡು ದೊಡ್ಡ ಚಮಚ. ಚಹಾಕ್ಕೆ ಸಕ್ಕರೆ ನಿಲ್ಲಿಸಿ ಬೆಲ್ಲ ಹಾಕ್ತೇವೆ, ದಿನಕ್ಕೆ ಮೂರು ಚಹಾ, ಒಂದಕ್ಕೆ ಎರಡು ಸಣ್ಣ ಚಮಚ. 11 ಗಂಟೆ ಚಹಾದ ಜೊತೆ ನಾಲ್ಕು ಮಾರಿ ಬಿಸ್ಕತ್ತು. ಮಧ್ಯಾಹ್ನ ಕುಚಲಕ್ಕಿ ಅನ್ನ (ತೂಕ ಮಾಡಿದೆ, 350 ಗ್ರಾಂ ಬಂತು), ಮೀನಿನ ಸಾರು, ಚೂರು ಪಲ್ಯ. ಸಂಜೆ ಅವಲಕ್ಕಿ ಒಂದು ಬಟ್ಟಲು. ರಾತ್ರಿ 9.30ಕ್ಕೆ ಮೊದಲು 250 ಗ್ರಾಂ ಅನ್ನ ಇತ್ತು, ಈಗ ನಾಲ್ಕು ಚಪಾತಿ.

ಪ್ರಶ್ನೆಗಳು: ಕುಚಲಕ್ಕಿ ಶುಗರ್‌ಗೆ ಒಳ್ಳೆಯದು ಅಂತಾರಲ್ಲ, ಎಷ್ಟು ಹಾಕಬಹುದು? ಜೋನಿ ಬೆಲ್ಲ ನಡೀತದಾ? ರಾತ್ರಿ ಅನ್ನವನ್ನೇ ಮುಟ್ಟದಿದ್ದರೂ ಬೆಳಿಗ್ಗೆ 148 ಯಾಕೆ?


ಪಥ್ಯ_ಹೊನ್ನಾವರ

ಅನ್ನ ತೂಕ ಮಾಡಿ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಆಯ್ತು. ನಿಮ್ಮ ಮನೆಯಲ್ಲಿ ಧಾನ್ಯ ಬದಲಾಗಿದೆ, ಅಳತೆ ಹಾಗೇ ಉಳಿದಿದೆ. ಲೆಕ್ಕ ಹಾಕಿ ನೋಡಿ.

50 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 35 ಗ್ರಾಂ ಕಾರ್ಬೋಹೈಡ್ರೇಟ್. ಎರಡು ದೊಡ್ಡ ಚಮಚ ಜೋನಿ ಬೆಲ್ಲ ಅಂದರೆ 40 ಗ್ರಾಂ ತೂಕ, ಅದರಲ್ಲಿ 30 ಗ್ರಾಂ ಸಕ್ಕರೆಯೇ. ತಿಂಡಿಗೇ 65 ಆಯ್ತು. ಮೂರು ಚಹಾದ ಬೆಲ್ಲ 25, ಬಿಸ್ಕತ್ತು 17. ಮಧ್ಯಾಹ್ನದ 350 ಗ್ರಾಂ ಅನ್ನಕ್ಕೆ 90 ಹಿಡಿಯಿರಿ. 40 ಗ್ರಾಂ ಒಣ ಅವಲಕ್ಕಿಗೆ 30. ಇನ್ನು ಚಪಾತಿ: ಒಂದಕ್ಕೆ 30 ಗ್ರಾಂ ಹಿಟ್ಟು ಅಂದರೂ 20 ಗ್ರಾಂ ಕಾರ್ಬ್, ನಾಲ್ಕಕ್ಕೆ 80. ಮೊದಲಿದ್ದ 250 ಗ್ರಾಂ ಅನ್ನದಲ್ಲಿ ಇದ್ದದ್ದು 65! ಚಪಾತಿಗೆ ಹೋಗಿ ಹದಿನೈದು ಗ್ರಾಂ ಹೆಚ್ಚೇ ಆಯ್ತು. ದಿನದ ಒಟ್ಟು 300 ದಾಟ್ತದೆ. ಈ ಮೊತ್ತಕ್ಕೆ ಮಾತ್ರೆ ಎಷ್ಟೇ ಚೆನ್ನಾಗಿದ್ದರೂ ಎದುರು ನಿಲ್ಲೋದಿಲ್ಲ.

ಗೋಧಿ, ರಾಗಿ, ಸಿರಿಧಾನ್ಯ ಅಂದ ಕೂಡಲೇ ಶುಗರ್ ಇಳೀತದೆ ಅನ್ನೋದು ನಮ್ಮಲ್ಲಿ ಬಹಳ ಗಟ್ಟಿಯಾಗಿ ಕೂತ ನಂಬಿಕೆ. ದೇಶಮಟ್ಟದ ಮಧುಮೇಹ ಸಮೀಕ್ಷೆ ಐಸಿಎಂಆರ್-ಇಂಡಿಯಾಬ್‌ನ ಆಹಾರದ ವರದಿ 2025ರಲ್ಲಿ ಬಂತು. ಭಾರತೀಯರ ಕ್ಯಾಲೊರಿಯಲ್ಲಿ ಸರಾಸರಿ 62% ಕಾರ್ಬೋಹೈಡ್ರೇಟಿನಿಂದಲೇ ಬರ್ತದೆ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಬಂದಲ್ಲಿ ಅಪಾಯವೇನೂ ಕಡಿಮೆ ಕಾಣಲಿಲ್ಲ. ಅದರ ಒಂದು ಪಾಲು ಬೇಳೆ, ಮೊಸರು, ಮೀನು, ಮೊಟ್ಟೆಗೆ ಹೋದಲ್ಲಿ ಕಡಿಮೆ ಕಂಡಿತು.

ಕುಚಲಕ್ಕಿ ವಿಷಯ. ಭತ್ತವನ್ನು ಬೇಯಿಸಿ ಒಣಗಿಸುವಾಗ ಕಾಳಿನೊಳಗಿನ ಪಿಷ್ಟ ಒಮ್ಮೆ ಬೆಂದು ಮತ್ತೆ ಗಟ್ಟಿಯಾಗ್ತದೆ, ಹಾಗಾಗಿ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿಗಿಂತ ನಿಧಾನ ಜೀರ್ಣ. ತೌಡಿನ ಬಿ ಜೀವಸತ್ವವೂ ಸ್ವಲ್ಪ ಒಳಗೆ ಇಳೀತದೆ. ನಿಮ್ಮ ಕಡೆ ಗಜನಿಯ (ಉಪ್ಪುನೀರಿನ ಗದ್ದೆಯ) ಕಗ್ಗದ ಅಕ್ಕಿ ಸಿಕ್ಕರೆ, ತೌಡು ಪೂರ್ತಿ ತೆಗೆಯದ ಕೆಂಪು ಅಕ್ಕಿ ಅದು, ನಾರೂ ಇರ್ತದೆ. ಆದರೆ ಈ ಅನುಕೂಲ ಸಣ್ಣದು. 200 ಗ್ರಾಂ ಅನ್ನದಲ್ಲಿ ಕಾಣಬಹುದು, 350 ಗ್ರಾಂನಲ್ಲಿ ಮುಳುಗಿ ಹೋಗ್ತದೆ. ಅದೇ ಅಕ್ಕಿಯನ್ನು ಕರಗುವ ತನಕ ಬೇಯಿಸಿ ಗಂಜಿ ಮಾಡಿದರೆ ಇದ್ದ ಅನುಕೂಲವೂ ಹೋಯ್ತು, ಅಗಿಯೋ ಕೆಲಸವೇ ಇಲ್ಲದೆ ಹೊಟ್ಟೆಯಿಂದ ಸರ್ರನೆ ಇಳೀತದೆ. ರಾಗಿ ಗಂಜಿಗೂ ಇದೇ ಮಾತು. ನುಣ್ಣಗಿನ ಹಿಟ್ಟು, ಅದೂ ಬೇಯಿಸಿ ಕುಡಿಯೋದು.

ಏನು ಮಾಡಬಹುದು: ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ಶುಂಠಿ, ಹಸಿಮೆಣಸು ಹಾಕಿ ಅರೆದರೆ ಎರಡು ದೋಸೆ ಆಗ್ತದೆ. ಕಾರ್ಬ್ 30ರೊಳಗೆ, ಪ್ರೋಟೀನು 12 ಗ್ರಾಂ. ಜೊತೆಗೆ ಒಂದು ಮೊಟ್ಟೆ ತಿನ್ನೋರಾದರೆ 11 ಗಂಟೆಯ ಬಿಸ್ಕತ್ತು ತಾನಾಗೇ ಬಿಟ್ಟು ಹೋಗ್ತದೆ. ಮಧ್ಯಾಹ್ನ ಅನ್ನ 200 ಗ್ರಾಂ, ಅದಕ್ಕೆ ಒಂದು ಬಟ್ಟಲು ಗುರುತು ಮಾಡಿ ಇಡಿ, ದಿನಾ ತೂಕ ಬೇಡ. ಪಲ್ಯ 'ಚೂರು' ಅಂದಿರಲ್ಲ, ಅದು ಎರಡು ಸೌಟು ಆಗಬೇಕು: ತೊಂಡೆ, ಹಾಗಲ, ಬೀನ್ಸ್, ಹರಿವೆ, ಬಸಳೆ, ಮೊಗೆಕಾಯಿ ಯಾವುದೂ ಆದೀತು. ಬಟಾಟೆ, ಕೆಸುವಿನ ಗಡ್ಡೆ, ದೀವಿ ಹಲಸು ಪಲ್ಯದ ಲೆಕ್ಕಕ್ಕೆ ಬರೋದಿಲ್ಲ, ಅವು ಅನ್ನದ ಲೆಕ್ಕ. ಮೀನು ಸಾರಿನಲ್ಲಿ ತೇಲುವ ಒಂದು ತುಂಡು ಸಾಲದು. ಮಧ್ಯಮ ಗಾತ್ರದ ಒಂದು ಬಂಗಡೆ, ಅಥವಾ ನಾಲ್ಕೈದು ತಾರ್ಲೆ ಇರಲಿ. ರವೆ ಹಚ್ಚಿ ಹುರಿಯೋದರ ಬದಲು ಮಸಾಲೆ ಹಚ್ಚಿ ಕಾವಲಿ ಮೇಲೆ ಒಂದು ಚಮಚ ಎಣ್ಣೆಯಲ್ಲಿ. ಮೊದಲು ಪಲ್ಯ, ಮೀನು ಮುಗಿಸಿ ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ, ಖರ್ಚಿಲ್ಲದ ಉಪಾಯ. ರಾತ್ರಿ ಎರಡು ಚಪಾತಿ, ಜೊತೆಗೆ ಕಾಳಿನ ಗಸಿ. ಬೇಯಿಸಿದ ಕಾಳಲ್ಲೂ ಕಾರ್ಬ್ ಇದೆ (100 ಗ್ರಾಂ ಹೆಸರಿಗೆ ಸುಮಾರು 19), ಆದರೆ ನಾರು, ಪ್ರೋಟೀನಿನ ಜೊತೆ ಬರೋದರಿಂದ ನಿಧಾನ ಏರ್ತದೆ.

ಬೆಳಿಗ್ಗೆಯ 148: ರಾತ್ರಿ ಊಟವೊಂದೇ ಕಾರಣ ಅಲ್ಲ. ನಿದ್ದೆಯಲ್ಲೂ ಯಕೃತ್ತು ರಕ್ತಕ್ಕೆ ಗ್ಲುಕೋಸ್ ಬಿಡ್ತಾ ಇರ್ತದೆ, ಇನ್ಸುಲಿನ್ ಅದನ್ನು ತಡೆಹಿಡಿಯಬೇಕು. ಹೊಟ್ಟೆ ಸುತ್ತ ಕೊಬ್ಬಿದ್ದಾಗ ಯಕೃತ್ತು ಇನ್ಸುಲಿನ್ ಮಾತು ಕೇಳೋದಿಲ್ಲ, ನಸುಕಿನ ಹಾರ್ಮೋನುಗಳು ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡ್ತವೆ. 68 ಕೆ.ಜಿ. ಅಂದರೆ ದಪ್ಪ ಅಲ್ಲವಲ್ಲ ಅಂತ ಸುಮ್ಮನಾಗಬೇಡಿ. ನಮ್ಮ ಗಂಡಸರಿಗೆ ಸೊಂಟದ ಮಿತಿ 90 ಸೆಂ.ಮೀ., ಹೆಂಗಸರಿಗೆ 80. ಮೂರು-ನಾಲ್ಕು ಕೆ.ಜಿ. ಇಳಿದರೆ ಖಾಲಿ ಹೊಟ್ಟೆಯ ಅಂಕಿಯಲ್ಲೇ ಮೊದಲು ಗೊತ್ತಾಗ್ತದೆ. ಊಟ 9.30ರಿಂದ 8ಕ್ಕೆ ಬರಲಿ.


ತಂಬುಳಿ_ಶಿರಸಿ

ಜೋನಿ ಬೆಲ್ಲದ ಬಗ್ಗೆ ನಮ್ಮ ಊರಿನವರು ಹೇಳೋದು ಸ್ವಲ್ಪ ಕಷ್ಟವೇ, ಆದರೂ ಹೇಳ್ತೇನೆ: ಶುಗರ್ ಇದ್ದವರಿಗೆ ಅದೂ ಸಕ್ಕರೆಯೇ. ಕಬ್ಬಿನ ಹಾಲು ಕಾಯಿಸಿದ್ದು, ಅಚ್ಚಿಗೆ ಹೋಗುವ ಮೊದಲೇ ಒಲೆಯಿಂದ ಇಳಿಸಿದ್ದು ಅಷ್ಟೆ. ಕಬ್ಬಿಣದಂಶ ಇದೆ ಅಂತಾರೆ. ಅದಕ್ಕಾಗಿ ತಿನ್ನೋದಾದರೆ ಹರಿವೆ ಸೊಪ್ಪು ತಿನ್ನಬಹುದು.

ಜೋನಿಯ ತೊಂದರೆ ಅದರ ಹರಿಯೋ ಗುಣ. ಅಚ್ಚು ಬೆಲ್ಲವಾದರೆ ತುಂಡು ಇಷ್ಟು ಅಂತ ಕಣ್ಣಿಗೆ ಕಾಣ್ತದೆ. ಬಟ್ಟಲಲ್ಲಿ ಜೋನಿ, ಮೇಲೆ ಒಂದು ಚಮಚ ತುಪ್ಪ, ತೆಳ್ಳೇವು ಮುರಿದು ಅದ್ದಿ ತಿಂದರೆ ದೋಸೆಯ ತೂತಿನೊಳಗೆಲ್ಲ ಇಳಿದು, ಒಂದು ದೋಸೆಗೆ ಒಂದೂವರೆ ಚಮಚ ಹೋದದ್ದು ಯಾರಿಗೂ ಗೊತ್ತಾಗೋದಿಲ್ಲ. ತೆಳ್ಳೇವು ಪೂರ್ತಿ ಅಕ್ಕಿ ಬೇರೆ. ಅದರ ಬದಲು ತೆಂಗಿನಕಾಯಿ ಕಡಿಮೆ ಹಾಕಿ ಶೇಂಗಾ ಅಥವಾ ಎಳ್ಳಿನ ಚಟ್ನಿ.

ಆಸ್ರಿಗೆ ಕೂಡ ಲೆಕ್ಕಕ್ಕೆ ತಗೊಳ್ಳಿ. ಹೋದ ಮನೆಯಲ್ಲೆಲ್ಲ ಬೆಲ್ಲ-ನೀರು, ಶರಬತ್ತು ಕೊಡ್ತಾರೆ, ಬೇಡ ಅಂದರೆ ಬೇಜಾರು ಮಾಡ್ಕೊಳ್ತಾರೆ. 'ಮಜ್ಜಿಗೆ ಕೊಡಿ' ಅಂತ ಕೇಳಿದರೆ ಯಾರಿಗೂ ಬೇಜಾರಿಲ್ಲ. ಮುರುಗಲು (ಕೋಕಂ) ಶರಬತ್ತಿನ ಬಾಟಲಿ ಪಾಕ ಹೆಚ್ಚುಕಡಿಮೆ ಸಕ್ಕರೆಯೇ. ಒಣಗಿದ ಮುರುಗಲು ಸಿಪ್ಪೆ ನಾಲ್ಕೈದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಜೀರಿಗೆ ಪುಡಿ, ಚಿಟಿಕೆ ಉಪ್ಪು ಹಾಕಿದರೆ ಸಿಹಿ ಬೇಕು ಅನ್ನಿಸೋದೇ ಇಲ್ಲ. ಅಪ್ಪೆಹುಳಿಯೂ ಸರಿ, ಬೆಲ್ಲ ಹಾಕದಿದ್ದರೆ. ಬಿ.ಪಿ. ಇದ್ದರೆ ಉಪ್ಪಿನ ಮೇಲೆ ಕಣ್ಣಿರಲಿ.

ತಂಬುಳಿ ಒಳ್ಳೆಯದೇ: ಒಂದೆಲಗ, ಕನ್ನೆಕುಡಿ, ಮೆಂತೆ ಯಾವುದಾದರೂ. ಆದರೆ ತಂಬುಳಿಗೆ ಅನ್ನ ಜಾರುವ ಹಾಗೆ ಬೇರೆ ಯಾವುದಕ್ಕೂ ಜಾರೋದಿಲ್ಲ. ಅದನ್ನು ಲೋಟಕ್ಕೆ ಹಾಕಿ ಕುಡಿಯಲಿ. ಮೆಂತೆ, ಹಾಗಲಕಾಯಿಯಿಂದ ಸ್ವಲ್ಪ ಉಪಯೋಗ ಇದೆ, ಮಾತ್ರೆ ಬಿಡುವಷ್ಟು ಖಂಡಿತ ಇಲ್ಲ.

ತೆಂಗಿನೆಣ್ಣೆ ಮಾತ್ರ ಬಿಡೋದು ಬೇಡ, ಅದರಿಂದ ಶುಗರ್ ಏರೋದಿಲ್ಲ.


ಔಷಧಿ_ಅಂಗಡಿ_ಕಾರವಾರ

ಮೇಲಿನ ಎರಡೂ ಉತ್ತರ ಸರಿ. ಆದರೆ ಗ್ಲಿಮೆಪಿರೈಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ! 300 ಗ್ರಾಂ ಕಾರ್ಬನ್ನು ನಾಳೆಯಿಂದಲೇ 160ಕ್ಕೆ ಇಳಿಸಿ, ಮಾತ್ರೆ ಹಾಗೇ ನುಂಗಿದರೆ ಶುಗರ್ ಕುಸಿಯುವ ಸಾಧ್ಯತೆ ಇದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಬಹಳ ಕಡಿಮೆ, ಅದು ಮುಖ್ಯವಾಗಿ ಯಕೃತ್ತಿನ ಗ್ಲುಕೋಸ್ ತಗ್ಗಿಸ್ತದೆ. ಗ್ಲಿಮೆಪಿರೈಡ್ ಹಾಗಲ್ಲ, ಉಂಡರೂ ಉಣ್ಣದಿದ್ದರೂ ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಗೆ ತರ್ತದೆ, ಪರಿಣಾಮ ಒಂದು ದಿನದ ತನಕ. ಅದಕ್ಕೇ ಮೊದಲ ಎರಡು ವಾರ ಬರೀ ಬೆಲ್ಲ, ಬಿಸ್ಕತ್ತು ತೆಗೆಯಿರಿ, ಅಷ್ಟಕ್ಕೇ 70 ಗ್ರಾಂ ಕಡಿಮೆ ಆಗ್ತದೆ. ಆಮೇಲೆ ಅನ್ನ, ಚಪಾತಿ. ಅನ್ನ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಿ, ಮಾತ್ರೆ ಕಡಿಮೆ ಮಾಡಬೇಕಾ ಅಂತ ಕೇಳಿ. ಏಕಾದಶಿ, ಶನಿವಾರ ಅಂತ ಉಪವಾಸ ಮಾಡೋರಾದರೆ ಅದನ್ನೂ ಮೊದಲೇ ಹೇಳಿ.

ಕುಸಿದಾಗಿನ ಲಕ್ಷಣ: ಕೈ ನಡುಕ, ತಣ್ಣನೆ ಬೆವರು, ಎದೆ ಬಡಿತ, ಕಣ್ಣು ಮಂಜು, ಸುಮ್ಮಸುಮ್ಮನೆ ಸಿಟ್ಟು. ಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಗ್ಲುಕೋಸ್ ಪುಡಿ, ಇಲ್ಲದಿದ್ದರೆ ಮೂರು ಸಣ್ಣ ಚಮಚ ಸಕ್ಕರೆ ಅರ್ಧ ಲೋಟ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಏನಾದರೂ ಉಣ್ಣಬೇಕು, ಈ ಮಾತ್ರೆಯಲ್ಲಿ ಎರಡನೇ ಸಲ ಕುಸಿಯೋದು ಉಂಟು. ಚಾಕೊಲೇಟ್ ಕೊಡಬೇಡಿ, ಅದರ ಕೊಬ್ಬಿನಿಂದ ತಡ ಆಗ್ತದೆ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ. ವೋಗ್ಲಿಬೋಸ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರಿಗೆ ಸಕ್ಕರೆ ಕೆಲಸ ನಿಧಾನ, ಗ್ಲುಕೋಸ್ ಪುಡಿಯೇ ಬೇಕು. ಸಂಜೆ ಒಂದು ಪೆಗ್ಗು ಹಾಕುವ ಅಭ್ಯಾಸ ಇದ್ದರೆ ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಮದ್ಯ ಯಕೃತ್ತಿನ ಗ್ಲುಕೋಸ್ ಬಿಡುಗಡೆಯನ್ನೇ ತಡೀತದೆ, ರಾತ್ರಿ ಎರಡು ಗಂಟೆಗೆ ಕುಸೀತದೆ.

ಮೀಟರ್ ಬಗ್ಗೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಚುಚ್ಚಿ ಸ್ಟ್ರಿಪ್ ಖರ್ಚು ಮಾಡಬೇಡಿ. ಜೋಡಿಯಾಗಿ ನೋಡಿ: ಊಟದ ಮೊದಲ ತುತ್ತಿಗೆ ಮುಂಚೆ ಒಂದು, ಆ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಸೋಮವಾರ ತಿಂಡಿ, ಬುಧವಾರ ಮಧ್ಯಾಹ್ನ, ಶುಕ್ರವಾರ ರಾತ್ರಿ. ವಾರಕ್ಕೆ ಆರು ಸ್ಟ್ರಿಪ್. ಎರಡರ ನಡುವಿನ ಅಂತರ 40-50ರೊಳಗಿದ್ದರೆ ಆ ಊಟ ಅವರಿಗೆ ಒಗ್ಗಿದೆ, 90 ಬಂದರೆ ತಟ್ಟೆಯಲ್ಲಿ ಏನೋ ಹೆಚ್ಚಿದೆ. ಸಾಮಾನ್ಯ ಗುರಿ ಊಟಕ್ಕೆ ಮುಂಚೆ 80ರಿಂದ 130, ಎರಡು ಗಂಟೆಗೆ 180ರೊಳಗೆ. ನೂರರ ಮೇಲಿನ ಅಂಕಿಯಲ್ಲಿ ಮೀಟರ್ 15% ಆಚೀಚೆ ತೋರಿಸಬಹುದು, 168 ಮತ್ತು 176ಕ್ಕೆ ವ್ಯತ್ಯಾಸ ಹುಡುಕಬೇಡಿ.

ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ ಚುಚ್ಚಬೇಕು. ಮಾವು, ಹಲಸು ಬಿಡಿಸಿದ ಬೆರಳಲ್ಲಿ ನೋಡಿದರೆ 300 ತೋರಿಸಿ ಮನೆಯವರನ್ನೆಲ್ಲ ಹೆದರಿಸ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಸ್ಟ್ರಿಪ್ ಹಾಳಾಗೋದು ಬೇಗ. ಒಂದು ತೆಗೆದ ಕೂಡಲೇ ಡಬ್ಬಿ ಮುಚ್ಚಿ, ಬೇರೆ ಡಬ್ಬಿಗೆ ಹಾಕಬೇಡಿ, ಫ್ರಿಜ್‌ನಲ್ಲೂ ಬೇಡ.


ಅಘನಾಶಿನಿ_ದಡ, ಕುಮಟಾ

ಎಲ್ಲರಿಗೂ ಧನ್ಯವಾದ. ಬೆಲ್ಲ ಇವತ್ತಿಂದಲೇ ಬಂದ್. ಚಪಾತಿಯ ಲೆಕ್ಕ ನೋಡಿ ಅತ್ತೆ ನಂಬಲೇ ಇಲ್ಲ, ಹಿಟ್ಟು ತೂಗಿ ತೋರಿಸಿದೆ. 34 ಗ್ರಾಂ ಇತ್ತು ಒಂದಕ್ಕೆ!

ಇನ್ನೆರಡು ಕೇಳ್ತೇನೆ. ಮಾವಿನ ಹಣ್ಣು ಬಿಡೋದಿಲ್ಲ ಅಂತ ಹಟ. ಮತ್ತೆ ಮೀನಿನ ಸಾರಿಗೆ ದಿನಾ ಒಂದು ಕಾಯಿ ಬೀಳ್ತದೆ, ನಾಲ್ಕು ಜನಕ್ಕೆ. ಅದು ತೊಂದರೆಯಾ?


ತೋಟ_ಅಂಕೋಲಾ

ಮಾವು ಬಿಡಿಸಬೇಡಿ, ಹೊತ್ತು ಬದಲಿಸಿ. 100 ಗ್ರಾಂ ತಿರುಳಿಗೆ 15 ಗ್ರಾಂ ಕಾರ್ಬ್ ಹಿಡಿಯಿರಿ. 250 ಗ್ರಾಂ ತೂಗುವ ಕರಿ ಈಶಾಡು ಮಾವಿನಲ್ಲಿ ತಿರುಳು ಸುಮಾರು 150, ಅಂದರೆ 22-23 ಗ್ರಾಂ. ಅರ್ಧ ಹಣ್ಣು ಸಂಜೆ ನಾಲ್ಕಕ್ಕೆ, ಅವಲಕ್ಕಿಯ ಬದಲು. ಅವಲಕ್ಕಿಯ ಜೊತೆಗಲ್ಲ. ಮಧ್ಯಾಹ್ನ ಅನ್ನದ ಮೇಲೆ ಹಣ್ಣು ಕತ್ತರಿಸಿ ಇಡೋ ರೂಢಿ ಇದೆಯಲ್ಲ, ಅದೇ ಕೆಡಿಸೋದು. ಸೀಕರಣೆ, ರಸಾಯನ, ಜ್ಯೂಸು ಯಾವುದೂ ಬೇಡ. ಹಲಸಾದರೆ ಮೂರು ತೊಳೆ, ಸಣ್ಣದಾದರೆ ನಾಲ್ಕು. ತಿಂದ ದಿನ ಎರಡು ಗಂಟೆಗೆ ಮೀಟರ್ ಹಾಕಿ ಅವರಿಗೇ ತೋರಿಸಿ, ವಾದ ಮಾಡೋ ಅಗತ್ಯ ಬೀಳೋದಿಲ್ಲ.

ಚೌತಿ ಹೊತ್ತಿಗೆ ಒಂದು ಮಾತು: ಕಜ್ಜಾಯ, ಮೋದಕ ಬೇಡ ಅಂತ ಎಲ್ಲರೂ ತಡೀತಾರೆ, ಚಕ್ಕುಲಿ ಸಿಹಿಯಲ್ಲವಲ್ಲ ಅಂತ ಮುಂದೆ ಇಡ್ತಾರೆ. ಅದೂ ಅಕ್ಕಿ ಹಿಟ್ಟೇ. ಅಂಗೈ ಅಗಲದ್ದು ಒಂದು 25 ಗ್ರಾಂ ತೂಗಿದರೆ ಒಳಗೆ 14-15 ಗ್ರಾಂ ಕಾರ್ಬ್, ಮೇಲಿಂದ ಎಣ್ಣೆ. ಡಬ್ಬಿ ಎದುರು ಕೂತರೆ ನಾಲ್ಕು ಹೋಗ್ತದೆ.


ಪಥ್ಯ_ಹೊನ್ನಾವರ

ಕಾಯಿ ಬಗ್ಗೆ, ಮತ್ತು ಶಿರಸಿಯವರ ತೆಂಗಿನೆಣ್ಣೆ ಮಾತಿಗೂ ಸೇರಿಸಿ ಹೇಳ್ತೇನೆ. ತೆಂಗಿನೆಣ್ಣೆಯಿಂದ ಶುಗರ್ ಏರೋದಿಲ್ಲ, ಒಪ್ಪಿದೆ. ಆದರೆ ಶುಗರ್ ಇದ್ದವರಿಗೆ ಹೃದಯದ ಅಪಾಯ ಹೆಚ್ಚು, ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಎಂಬತ್ತರ ಮೇಲೆ ಶೇಕಡಾ ಸ್ಯಾಚುರೇಟೆಡ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿಸೋದು ಅದೇ. ಒಗ್ಗರಣೆಗೆ ಒಂದು ಚಮಚ ಇರಲಿ, ಹುರಿಯೋದಕ್ಕೆ ಶೇಂಗಾ ಎಣ್ಣೆ ಬಳಸಿ. ಹಸಿ ಕಾಯಿ 100 ಗ್ರಾಂಗೆ 350 ಕ್ಯಾಲೊರಿ. ನಾಲ್ಕು ಜನಕ್ಕೆ ಒಂದು ಕಾಯಿ ಅಂದರೆ ಒಬ್ಬರ ಪಾಲಿಗೆ 250ರಿಂದ 300 ಕ್ಯಾಲೊರಿ ಸಾರಿನಿಂದಲೇ. ತೂಕ ಇಳಿಯದಿರೋದಕ್ಕೆ ಅದೂ ಕಾರಣ ಇದ್ದೀತು. ಅರ್ಧ ಕಾಯಿಗೆ ಇಳಿಸಿ, ಮಂದ ಬರೋದಕ್ಕೆ ಎರಡು ಈರುಳ್ಳಿ, ಒಂದು ಚಮಚ ಕೊತ್ತಂಬರಿ ಬೀಜ ಹುರಿದು ಜೊತೆಗೆ ಅರೆಯಿರಿ. ಬಂಗಡೆ ಸಾರಿಗೆ ಕೊರತೆ ಕಾಣೋದಿಲ್ಲ.

ಜೂನ್-ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳಲ್ಲಿ ತಟ್ಟೆಯಲ್ಲಿ ಮೀನು ಹೋಗಿ ಆ ಜಾಗಕ್ಕೆ ಅನ್ನವೇ ಬರ್ತದೆ. ಒಣಮೀನಿಗೆ ಹೋಗೋದಾದರೆ ಎರಡು ಸಲ ನೀರು ಬದಲಿಸಿ ನೆನೆಸಿ, ಉಪ್ಪು ವಿಪರೀತ ಇರ್ತದೆ. ಮೊಟ್ಟೆ, ಕಡಲೆ, ಹೆಸರು ಮೊದಲೇ ತಂದಿಟ್ಟುಕೊಳ್ಳಿ.

ಎಚ್‌ಬಿಎ1ಸಿ ಮೂರು ತಿಂಗಳು ಬಿಟ್ಟೇ ಮಾಡಿಸಿ, ಮೊದಲು ಮಾಡಿಸಿದರೆ ಹಳೆಯ ಊಟವೂ ಅದರಲ್ಲಿ ಸೇರಿರ್ತದೆ. ಈಗಿನ 8.3 ಅಂದರೆ ಸರಾಸರಿ 190ರ ಆಸುಪಾಸು. ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸ್ತದೆ. ಮೂತ್ರದ ಆಲ್ಬುಮಿನ್, ಕಣ್ಣಿನ ಪರದೆಯ ಪರೀಕ್ಷೆ ಈ ಐದು ತಿಂಗಳಲ್ಲಿ ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿ.ಪಿ.ಯಂಥ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಕೇಳಿ.


ತಂಬುಳಿ_ಶಿರಸಿ

ಎಣ್ಣೆ ವಿಷಯ ಒಪ್ಪಿದೆ, ಒಂದು ಚಮಚಕ್ಕೆ ನಿಲ್ಲಿಸೋಣ.

ನಡಿಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಒಂದು ಗಂಟೆ ನಡೆದು ಮಧ್ಯಾಹ್ನ ಉಂಡು ಮಲಗೋದಕ್ಕಿಂತ, ಪ್ರತಿ ಊಟ ಮುಗಿದು ಅರ್ಧ ಗಂಟೆಯೊಳಗೆ 15 ನಿಮಿಷ ನಡೆದರೆ ಆ ಎರಡು ಗಂಟೆಯ ಅಂಕಿ ಚೆನ್ನಾಗಿ ಇಳೀತದೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ಗ್ಲುಕೋಸ್ ಎಳ್ಕೊಳ್ತವೆ. ಮಳೆ ಅಂದರೆ ಜಗಲಿ ಇದೆ. 30 ಅಡಿ ಜಗಲಿಯಾದರೆ ಈ ತುದಿಯಿಂದ ಆ ತುದಿಗೆ ನೂರು ಸಲ ಹೋದರೆ ಸುಮಾರು 900 ಮೀಟರ್, ಕಾಲು ಗಂಟೆಗೆ ಸರಿಹೋಗ್ತದೆ. ಚಪ್ಪಲಿ ಹಾಕಿಕೊಂಡೇ ನಡೆಯಲಿ.